ಕೊಟ್ಟೂರಿನ ತೇರೂ ಅದರ ಅಚ್ಚೂ

ಸಂಸ್ಕೃತದ ‘ಅಕ್ಷ’ಕ್ಕೆ ಕನ್ನಡದಲ್ಲಿ ‘ಅಚ್ಚು’ ಎಂಬ ಮಾತುಂಟು, ತಮಿಳಿನಲ್ಲಿಯೂ ಅದೇ. ತೇರನ್ನು ವರ್ಣಿಸುವವರ ದೃಷ್ಟಿಯು ಕಳಸ ಪತಾಕೆಗಳ ಕಡೆಗೆ ಹರಿಯುವುದು ಸಹಜವೇ ಸರಿ. ಆದರೆ ಸಮಸ್ತ ಭಾರವನ್ನೂ ಹೊರತಕ್ಕುದು ಅಚ್ಚು.

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ರಥೋತ್ಸವವು ಮಾಘ ಬಹುಳದಲ್ಲಿ ಮೂಲಾ ನಕ್ಷತ್ರದಂದು ನಡೆಯುವುದು. ಊರು ಇನ್ನೂ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದಾಗ, ೨೦೧೭ನೆಯ ಫೆಬ್ರವರಿ ೨೧ರಂದು, ಸುಮಾರು ೬೦ ಅಡಿ ಎತ್ತರದ ಆ ತೇರು ಜನರು ಎಳೆಯುತ್ತಿರುವಾಗಲೇ ಉರುಳಿಬಿದ್ದಿತು, ಕೆಲವರು ಗಾಯಗೊಂಡರು. ಅಚ್ಚು ಮುರಿದುದೇ ಕಾರಣವೆಂದು ವರದಿಯಾಯಿತು.

ತೇರಿನ ಅಚ್ಚು ತಿರುಗುವುದಿಲ್ಲ. ಗಾಲಿಯು ಅದರ ಮೇಲೆ ತಿರುಗುವುದು. ಯಂತ್ರವು ಮುಂಗಾಲಿಗಳನ್ನೇ ನಡೆಯಿಸುವ ಮೋಟಾರಿನಲ್ಲಾದರೋ (೧೯೮೩ರಲ್ಲಿ ಬಂದ ಮಾರುತಿ ೮೦೦ ಈ ಬಗೆಯದು) ಅಚ್ಚು ತಾನೇ ತಿರುಗಿ ಬಲವನ್ನು ಗಾಲಿಗೆ ಒಯ್ಯುವುದು. ಅದರ ಕೀಲಿನ ರಬ್ಬರು ಹೊದಿಕೆ ಹರಿದು ಧೂಳು ಹೊಕ್ಕು ಕೀಲು ಸವೆದರೆ, ತಿರುವಿನಲ್ಲಿ ಟಕಟಕನೆ ಸದ್ದಾಗಿ ಎಚ್ಚರಿಕೆ ದೊರೆಯುವುದು. ತೇರಿನ ಅಚ್ಚಿಗೆ ಅಂತಹ ಬಾಯಿಲ್ಲ. ಗಾಲಿಯ ಗುಂಬದೊಳಗಿನ ಸವೆತವು ಹೊರಗೆ ಕಾಣದು. ಕೀಲೆಣ್ಣೆಯು ಬಿರುಕನ್ನೂ ಮುಚ್ಚಿಬಿಡುವುದು. ಪರೀಕ್ಷಿಸಬೇಕಾದರೆ ತೇರನ್ನು ಎತ್ತಿ ಆಧಾರ ಕೊಟ್ಟು, ಕಡಾಣಿಯನ್ನು ಕಿತ್ತು, ಗಾಲಿಯನ್ನು ಕಳಚಬೇಕು. ಎಣ್ಣೆ ಹಾಕುವುದು ಒಬ್ಬನ ಕೆಲಸ; ಇದು ಹತ್ತಾರು ಮಂದಿಯದು. ಆದುದರಿಂದಲೇ ಮೊದಲನೆಯದು ತಪ್ಪದೆ ನಡೆದು ಎರಡನೆಯದು ಮುಂದಿನ ಜಾತ್ರೆಗೆ ಉಳಿಯುವ ಸಂಭವವುಂಟು.

ಅಚ್ಚನ್ನು ಬದಲಿಸುವಾಗ ಹೊಸದು ಗುಂಬದ ರಂಧ್ರಕ್ಕೆ ಸರಿಹೊಂದಬೇಕು, ಮತ್ತೊಂದು ಅಚ್ಚಿಗೆ ಸಮಾನಾಂತರವಾಗಿಯೂ ಇರಬೇಕು. ಇಲ್ಲವಾದರೆ ತೇರು ಒಂದು ಮಗ್ಗುಲಿಗೇ ಎಳೆಯುವುದು. ಗಾಲಿಯಡಿಗೆ ಮರದ ತುಂಡು ಕೊಟ್ಟು ದಾರಿ ತಿದ್ದುವವರು ಪದೇ ಪದೇ ಅದರ ಬದಿಗೆ ಬಾಗಬೇಕಾಗುವುದು.