ಇಲ್ಲಿ ಹೊಳೆ, ಅಲ್ಲಿ ಮಳೆ: ಟೀಕಾರಾಯರ ತರ್ಕ

ಟೀಕಾರಾಯರು ಅಂದ್ರೆ ನಮ್ಮ ಸಿರವಾರ, ಮಾನ್ವಿ ಕಡೆಯ ಹಿರಿಯರು ತಟ್ಟನೆ ಮಳಖೇಡದ ದಿಕ್ಕಿಗೆ ಕೈ ಮುಗಿಯುತ್ತಾರೆ. ಆರಾಧನೆ, ಮಹಿಮೆಯ ಕಥೆಗಳು, ಯರಗೋಳದ ಗುಹೆ... ಇವೆಲ್ಲ ಗೊತ್ತು. ಆದರೆ 14ನೇ ಶತಮಾನದ ಈ ಜಯತೀರ್ಥರು ಎಂಥಾ ತರ್ಕಪಂಡಿತರು ಅನ್ನೋದು ಮಾತಿಗೆ ಬರೋದೇ ಕಡಿಮೆ. ಮಧ್ವಾಚಾರ್ಯರ ಗ್ರಂಥಗಳಿಗೆ ಟೀಕೆ ಬರೆದದ್ದರಿಂದ ಅವರಿಗೆ ಆ ಹೆಸರು. ಅವರ ಮೇರುಕೃತಿ 'ನ್ಯಾಯಸುಧಾ'. ನಾನು ಹೇಳಹೊರಟಿದ್ದು ಮಾತ್ರ 'ಪ್ರಮಾಣಪದ್ಧತಿ' ಅನ್ನೋ ಪುಟ್ಟ ಪುಸ್ತಕದ ಬಗ್ಗೆ.

ನಮಗೆ ತಿಳಿವಳಿಕೆ ಬರೋದು ಹೇಗೆ, ಅದನ್ನು ನಂಬಬಹುದಾ? ಇದೇ ಅದರ ವಿಷಯ. ಪ್ರತ್ಯಕ್ಷ, ಅನುಮಾನ, ಆಗಮ ಅಂತ ಮೂರೇ ದಾರಿ. (ಅನುಮಾನ ಅಂದ್ರೆ ಇಲ್ಲಿ ಸಂಶಯ ಅಲ್ಲ, ಅದಕ್ಕೆ ಪೂರಾ ಉಲ್ಟಾ! ಒಂದನ್ನು ಕಂಡು ಇನ್ನೊಂದನ್ನು ಖಚಿತವಾಗಿ ತಿಳಿಯೋದು.)

ನ್ಯಾಯಶಾಸ್ತ್ರದವರ ಹಳೇ ಉದಾಹರಣೆ ನಿಮಗೂ ಗೊತ್ತಿರುತ್ತೆ: ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಹೊಗೆ, ಬೆಂಕಿ ಎರಡೂ ಒಂದೇ ಬೆಟ್ಟದಲ್ಲಿ. ಯಾವುದರ ಬಗ್ಗೆ ಸಾಧಿಸುತ್ತೀವೋ ಅದರಲ್ಲೇ ಕಾರಣವೂ ಇರಬೇಕು ಅನ್ನೋದು ಅವರ ನಿಯಮ. ಜಯತೀರ್ಥರು ಇದನ್ನು ಒಪ್ಪಲ್ಲ. ಕೆಳಗೆ ಹೊಳೆ ಉಕ್ಕಿದ್ದು ನೋಡಿ ಮೇಲೆ ಮಳೆ ಆಗಿದೆ ಅಂತ ತಿಳಿಯಲ್ವಾ? ಹೊಳೆ ಉಕ್ಕಿದ್ದು ಇಲ್ಲಿ, ಮಳೆ ಬಿದ್ದದ್ದು ಅಲ್ಲಿ. ಕಾರಣ ಅದೇ ಜಾಗದಲ್ಲಿರಬೇಕಿಲ್ಲ, ತಕ್ಕ ಜಾಗದಲ್ಲಿದ್ದರೆ ಸಾಕು. ಎರಡರ ನಡುವೆ ತಪ್ಪದ ಸಂಬಂಧ, ಅಂದ್ರೆ ವ್ಯಾಪ್ತಿ ಇರಬೇಕು, ಅಷ್ಟೇ. ಹೊಳೆಯ ಉದಾಹರಣೆ ನ್ಯಾಯಭಾಷ್ಯದಲ್ಲೇ ಇತ್ತು. ಅದನ್ನು ನಿಯಮಕ್ಕೆ ಹೊಂದಿಸೋಕೆ "ಈ ಹೊಳೆ, ಮೇಲೆ ಮಳೆಯಾದ ಹೊಳೆ" ಅಂತ ವಾಕ್ಯವನ್ನೇ ತಿರುಚಬೇಕಾಗುತ್ತೆ. ನನಗಂತೂ ಅದು ಕೋಡು ಸರಿಮಾಡದೆ ತೇಪೆ ಹಚ್ಚಿದ ಹಾಗೆ ಕಾಣುತ್ತೆ :-)

ಎರಡು ಹೊಳೆಗಳ ನಡುವಿನ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗಿತು. ಮಳೆ ಹೊಡೆದದ್ದು ಮಹಾರಾಷ್ಟ್ರದ ಘಟ್ಟದಲ್ಲಿ. "ನಮ್ಮೂರಾಗ ಹನಿ ಬಿದ್ದಿಲ್ಲ, ಹೊಳಿ ಯಾಕ ಬರ್ತದ" ಅಂತ ದಂಡೆಯಲ್ಲೇ ಕೂತವನಿಗೆ ತರ್ಕ ತಪ್ಪಿದರೆ ಬರೀ ವಾದ ಸೋಲೋದಲ್ಲ, ದನಕರು ಹೋಗುತ್ತವೆ.

ನಾರಾಯಣಪುರದ ಬಸವಸಾಗರದಲ್ಲಿ ಗೇಟು ತೆಗೆದರೂ ಹೊಳೆ ಬರುತ್ತಲ್ಲ, ಆಗ? ಕಟ್ಟೆ ಹಾಕಿ ನೀರು ತಡೆದರೂ ಹೊಳೆ ಏರುತ್ತೆ ಅನ್ನೋ ಆಕ್ಷೇಪ ನ್ಯಾಯಸೂತ್ರದಲ್ಲೇ ಇದೆ. ಆ ಏರಿಕೆ ಬೇರೆ, ಮಳೆಯ ಪ್ರವಾಹ ಬೇರೆ ಅನ್ನೋದು ಅಲ್ಲಿನ ಉತ್ತರ. ಅಂದ್ರೆ ವ್ಯಾಪ್ತಿ ಹೇಳುವಾಗ ಎಂಥ ನೀರು ಅಂತ ನೋಡಿ ಹೇಳಬೇಕು.

ವಾದಕ್ಕೆ ಐದು ಅವಯವ ಇರಲೇಬೇಕು ಅನ್ನೋ ನೈಯಾಯಿಕರ ಕಟ್ಟಳೆಯನ್ನೂ ಇವರು ಸಡಿಲಿಸಿದರು. ಎದುರಿನವನಿಗೆ ತಿಳಿಯೋಕೆ ಎಷ್ಟು ಬೇಕೋ ಅಷ್ಟು ಹೇಳಿದರೆ ಸಾಕಂತೆ.

ಶಬ್ದಾರ್ಥದ ವಿಚಾರದಲ್ಲೂ ಇದೇ ಧಾಟಿ. "ಹಸು ತಾ" ಅನ್ನೋಂಥ ಅಪ್ಪಣೆ, ಅದರಂತೆ ನಡೆಯುವ ಕೆಲಸ, ಇವನ್ನು ನೋಡಿಯೇ ಮಗು ಮಾತು ಕಲಿಯುತ್ತೆ ಅನ್ನೋದು ಪ್ರಾಭಾಕರ ಮೀಮಾಂಸಕರ ವಾದ. ಹಾಗಾದರೆ ಮಾತಿನ ಅರ್ಥವೆಲ್ಲ ಕೊನೆಗೆ ಮಾಡಬೇಕಾದ ಕೆಲಸದಲ್ಲೇ ನಿಲ್ಲಬೇಕು. ಇದ್ದದ್ದನ್ನು ಇದ್ದ ಹಾಗೆ ಹೇಳುವ ವಾಕ್ಯಕ್ಕೆ, ದೇವರ ಬಗ್ಗೆ ಹೇಳುವ ವೇದವಾಕ್ಯಕ್ಕೂ ಸೇರಿ, ಸ್ವಂತ ಬೆಲೆ ಉಳಿಯಲ್ಲ. ಮಧ್ವರ ಕಡೆಯವರ ಉತ್ತರ ಬಲು ಸರಳ: ಬೆರಳು ತೋರಿಸಿ "ಇವಳು ನಿನ್ನ ಅಮ್ಮ, ಇವನು ನಿನ್ನ ಅಪ್ಪ" ಅಂದರೂ ಮಗು ಕಲಿಯುತ್ತೆ. ಅಲ್ಲಿ ಯಾವ ಅಪ್ಪಣೆ ಇದೆ?