ಮೂರನೆಯ ಕಟ್ಟು

ನಮ್ಮ ಮನೆಯ ಗೋಡೆ ಕಪಾಟಿನಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಅದರಲ್ಲಿ ಬಿಸ್ಕತ್ತು ಇದ್ದುದನ್ನು ನಾನು ಕಂಡಿಲ್ಲ. ಐದು ದಿನದ ಮದ್ದನ್ನು ಎರಡು ದಿನ ತಿಂದು, ಜ್ವರ ಬಿಟ್ಟಿತೆಂದು ಉಳಿಸಿದ ಗುಳಿಗೆಗಳೆಲ್ಲ ಅಲ್ಲಿ ಸೇರುತ್ತಿದ್ದವು. ನೆರೆಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಅವು ಬೇಲಿ ದಾಟುತ್ತಿದ್ದವು. “ಎರಡ್ ಗುಳ್ಗಿ ಉಳ್ದಿತ್ ಮಾರಾಯ್ತಿ, ಇಟ್ಕೊ, ಬೇಕಾತ್ತ್” ಎಂದು ಅಮ್ಮ ಕೊಡುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಕ್ಕಿ, ಸಕ್ಕರೆ, ಮೊಸರಿನ ಹೆಪ್ಪು ಕೈಗಡ ಹೋಗುವ ಕುಂದಾಪುರದ ಕಡೆಯ ಕೇರಿಯಲ್ಲಿ ಗುಳಿಗೆ ಹೋದರೆ ತಪ್ಪೇನೆಂದು ನಾನೂ ಕೇಳಿದವನಲ್ಲ.

ಕೇಳುವಂತಾದದ್ದು ಅಮ್ಮನಿಗೆ ಮೂತ್ರದ ಸೋಂಕು ತಗಲಿದಾಗ. ಕೊಟ್ಟ ಮೊದಲ ಮದ್ದು ನಾಟಲಿಲ್ಲ, ಎರಡನೆಯದೂ ನಾಟಲಿಲ್ಲ. ಪರೀಕ್ಷೆಯ ವರದಿ ಬಂದಾಗ ಮದ್ದುಗಳ ಹೆಸರಿನ ಮುಂದೆ ‘ಆರ್’ ಎಂಬ ಒಂದೇ ಅಕ್ಷರ ಸಾಲಾಗಿ ಇಳಿದು ಹೋಗಿತ್ತು. “ಅಮ್ಮನ ಮೈಗೆ ಮದ್ದು ಒಗ್ಗಿಹೋಗಿದೆಯೇ?” ಎಂದು ಕೇಳಿದೆ. “ಮೈಗಲ್ಲ, ರೋಗಾಣುವಿಗೆ” ಎಂದರು ವೈದ್ಯರು. ಕೊನೆಗೆ ಸೂಜಿಯ ಮೂಲಕ ಕೊಟ್ಟ ಮದ್ದಿನಿಂದ ಅಮ್ಮ ಎದ್ದು ಕುಳಿತರು. ಆ ಒಂದಕ್ಷರದ ಚರಿತ್ರೆಯನ್ನು ಹುಡುಕಿ ಹೋದ ಕನ್ನಡದ ಮೇಷ್ಟ್ರಿಗೆ ಸಿಕ್ಕಿದ್ದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ಈ ಚರಿತ್ರೆಯನ್ನು ನಮ್ಮ ಕರಾವಳಿಯವರಿಗೆ ತಿಳಿಸಲು ಬ್ರಹ್ಮಾವರದ ಬಳಿಯ ಬಾರಕೂರಿನಿಂದ ಹೊರಡುವುದೇ ಸುಲಭ. ಹೊಸ ಹಡಗುಗಳಿಗಾಗಿ ಕುಂಡೋದರನೆಂಬ ಭೂತ ಬಲಿ ಕೇಳಿತೆಂದೂ, ಅರಸನ ಮಡದಿ ಮಗನನ್ನು ಕೊಡಲೊಪ್ಪದೆ ಇದ್ದಾಗ ಅವನ ತಂಗಿ ತನ್ನ ಮಗನನ್ನು ಒಪ್ಪಿಸಲು ಮುಂದಾದಳೆಂದೂ, ಬದುಕುಳಿದ ಆ ಹುಡುಗನೇ ಭೂತಾಳ ಪಾಂಡ್ಯನಾಗಿ ಆಸ್ತಿ ಸೋದರಳಿಯನಿಗೆ ಹೋಗುವ ಕಟ್ಟನ್ನು ಮಾಡಿದನೆಂದೂ ಐತಿಹ್ಯ. ಚರಿತ್ರಕಾರರು ಕಥೆಯನ್ನು ಒಪ್ಪದಿದ್ದರೂ ಕಟ್ಟು ಸುಳ್ಳಲ್ಲ. ನಮ್ಮಲ್ಲಿ ಮಕ್ಕಳಕಟ್ಟಿನ ಮನೆಗಳಿದ್ದವು, ಅಳಿಯಕಟ್ಟಿನ ಮನೆಗಳೂ ಇದ್ದವು. ಎರಡರಲ್ಲಿಯೂ ಒಂದು ಮಾತು ಸಮ: ಆಸ್ತಿ ಕುಟುಂಬದ ಒಳಗೇ, ಹಿರಿಯರಿಂದ ಕಿರಿಯರಿಗೆ ಇಳಿಯಬೇಕು. ಜೀವಿಗಳ ಗುಣವೂ ಹೀಗೆಯೇ ಇಳಿಯುತ್ತದೆ ಎಂದು ಪಂಡಿತರು ಬಹುಕಾಲ ನಂಬಿದ್ದರು. ಬ್ಯಾಕ್ಟೀರಿಯಗಳು ಆ ನಂಬಿಕೆಯನ್ನು ಮುರಿದವು.

1928ನೆಯ ಇಸವಿ ಈ ಕಥೆಯಲ್ಲಿ ವಿಚಿತ್ರವಾದುದು. ಆ ವರ್ಷ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಬೂಸಲಿನ ಸುತ್ತ ಬ್ಯಾಕ್ಟೀರಿಯ ಸತ್ತಿರುವುದನ್ನು ಕಂಡನು; ಪೆನಿಸಿಲಿನ್ನಿನ ಕಥೆ ಅಲ್ಲಿಂದ ಮೊದಲಾಯಿತು. ಅದೇ ಊರಿನ ಫ್ರೆಡರಿಕ್ ಗ್ರಿಫಿತ್ ಅದೇ ವರ್ಷ ಬೇರೊಂದು ಸಂಗತಿಯನ್ನು ಪ್ರಕಟಿಸಿದನು. ನ್ಯುಮೋನಿಯದ ಬ್ಯಾಕ್ಟೀರಿಯಗಳಲ್ಲಿ ಸಾಧುವಾದ ಬಗೆಯನ್ನು ಜೀವಂತವಾಗಿಯೂ ಕೊಲೆಗಡುಕ ಬಗೆಯನ್ನು ಕಾಯಿಸಿ ಕೊಂದೂ ಬೆರೆಸಿ ಇಲಿಗಳಿಗೆ ಚುಚ್ಚಿದಾಗ, ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಕೊಲೆಗಡುಕ ಬಗೆ ಜೀವಂತವಾಗಿ ಸಿಕ್ಕಿತು. ಸಾಧುವು ಸತ್ತವನ ಆಯುಧವನ್ನು ಎತ್ತಿಕೊಂಡಿತ್ತು! ಆ ಆಯುಧ ಡಿಎನ್‌ಎ ಎಂದು 1944ರಲ್ಲಿ ಏವರಿಯೂ ಅವನ ಸಂಗಡಿಗರೂ ತೋರಿಸಿದರು. ಹೀಗೆ ಮದ್ದೂ, ಮದ್ದನ್ನು ಸೋಲಿಸುವ ದಾರಿಗಳಲ್ಲೊಂದೂ ಒಂದೇ ಊರಿನಲ್ಲಿ ಒಂದೇ ವರ್ಷ ಬೆಳಕಿಗೆ ಬಂದವು. ಅವೆರಡರ ನಂಟು ಆಗ ಯಾರಿಗೂ ಹೊಳೆಯಲಿಲ್ಲ.

ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿದೆ ಎಂದು ಏಬ್ರಹಾಂ ಮತ್ತು ಚೈನ್ 1940ರಲ್ಲಿಯೇ ವರದಿ ಮಾಡಿದರು. ಆಕ್ಸ್‌ಫರ್ಡಿನ ಅದೇ ತಂಡ ರೋಗಿಗೆ ಪೆನಿಸಿಲಿನ್ ಕೊಟ್ಟು ನೋಡಿದ್ದು ಮರುವರ್ಷ. ಬೇಲಿ ಕಟ್ಟುವ ಮೊದಲೇ ಕಿಂಡಿ ಸಿದ್ಧವಾಗಿತ್ತು. ಇದರಲ್ಲಿ ಆಶ್ಚರ್ಯವೂ ಇಲ್ಲ. ಇಂಥ ಮದ್ದುಗಳಲ್ಲಿ ಹಲವು ಮಣ್ಣಿನ ಸೂಕ್ಷ್ಮಜೀವಿಗಳೇ ತಯಾರಿಸುವಂಥವು. ಅವುಗಳ ನಡುವೆ ಬದುಕಿದ ಬ್ಯಾಕ್ಟೀರಿಯಗಳು ಪ್ರತಿರೋಧವನ್ನು ಎಂದೋ ಕಲಿತಿದ್ದವು. ಉತ್ತರದ ಹಿಮನೆಲದಲ್ಲಿ ಮೂವತ್ತು ಸಾವಿರ ವರ್ಷದಷ್ಟು ಹಳೆಯ ಪ್ರತಿರೋಧದ ಜೀನುಗಳು ಸಿಕ್ಕಿವೆಯೆಂದು 2011ರಲ್ಲಿ ಪ್ರಕಟವಾಯಿತು.

ನಿಜವಾದ ಬೆರಗು ಜಪಾನಿನಿಂದ ಬಂತು. 1955ರಲ್ಲಿ ಹಾಂಗ್‌ಕಾಂಗಿನಿಂದ ಮರಳಿದ ಮಹಿಳೆಯೊಬ್ಬಳ ಆಮಶಂಕೆಯ ರೋಗಾಣುವು ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಂಬ ನಾಲ್ಕೂ ಮದ್ದುಗಳಿಗೆ ಬಗ್ಗಲಿಲ್ಲ. ಆಕಸ್ಮಿಕವಾದ ಮಾರ್ಪಾಟು ಒಂದು ಮದ್ದಿಗೆ ಎದುರಾಗಬಹುದು. ನಾಲ್ಕಕ್ಕೂ ಒಮ್ಮೆಗೇ ಹೇಗೆ? 1959ರಲ್ಲಿ ಓಚಿಯೈ ಮತ್ತು ಅಕಿಬ ಬೇರೆ ಬೇರೆಯಾಗಿ ಉತ್ತರ ಕಂಡರು. ಕರುಳಿನಲ್ಲಿ ಸಾಮಾನ್ಯವಾಗಿ ಇರುವ ಇ. ಕೊಲೈ ಬ್ಯಾಕ್ಟೀರಿಯವು ತನ್ನ ನಾಲ್ಕೂ ಪ್ರತಿರೋಧಗಳನ್ನು ಕಟ್ಟಾಗಿ ಆಮಶಂಕೆಯ ರೋಗಾಣುವಿಗೆ ದಾಟಿಸಬಲ್ಲುದಾಗಿತ್ತು. ಜಾತಿ ಬೇರೆ, ಕುಲ ಬೇರೆ. ಆದರೂ ಕೊಡು-ಕೊಳು ನಡೆದಿತ್ತು.

ಇದರ ಬಗೆಯನ್ನು ನಮ್ಮ ಹೆಪ್ಪಿನ ಉಪಮೆಯಿಂದ ತಿಳಿಯಬಹುದು. ಬ್ಯಾಕ್ಟೀರಿಯದ ಮುಖ್ಯ ಡಿಎನ್‌ಎಯ ಹೊರಗೆ ಪುಟ್ಟ ಬಳೆಗಳಂಥ ತುಣುಕುಗಳಿರುತ್ತವೆ. 1952ರಲ್ಲಿ ಲೆಡರ್‌ಬರ್ಗ್ ಪ್ಲಾಸ್ಮಿಡ್ ಎಂಬ ಹೆಸರನ್ನು ಕೊಟ್ಟನು. ಎರಡು ಬ್ಯಾಕ್ಟೀರಿಯಗಳು ತಾಗಿಕೊಂಡಾಗ ಒಂದು ಈ ಬಳೆಯ ಪ್ರತಿಯನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಕೈಗಡ ಕೊಟ್ಟ ಅಕ್ಕಿ ನಮ್ಮ ಡಬ್ಬದಲ್ಲಿ ಕಡಮೆಯಾಗುತ್ತದೆ. ಚಮಚೆಯಷ್ಟು ಹೆಪ್ಪು ಕೊಟ್ಟರೆ ನಮ್ಮ ಮೊಸರೂ ಉಳಿಯುತ್ತದೆ, ನೆರೆಮನೆಯ ಹಾಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಗಳದು ಎರಡನೆಯ ಬಗೆಯ ದಾನ. ಇದಲ್ಲದೆ ಸತ್ತ ನೆರೆಯವರ ಡಿಎನ್‌ಎಯನ್ನು ಹೀರಿಕೊಳ್ಳುವುದುಂಟು. ಬ್ಯಾಕ್ಟೀರಿಯಗಳನ್ನು ಹಿಡಿಯುವ ವೈರಸ್ಸುಗಳು ಒಂದರ ಗಂಟನ್ನು ಇನ್ನೊಂದಕ್ಕೆ ಹೊತ್ತೊಯ್ಯುವುದೂ ಉಂಟು. ಮಕ್ಕಳಕಟ್ಟೂ ಅಲ್ಲದ, ಅಳಿಯಕಟ್ಟೂ ಅಲ್ಲದ ಈ ಮೂರನೆಯದನ್ನು ನೆರೆಕಟ್ಟು ಎಂದು ಕರೆಯೋಣವೇ?

ಈ ಕಟ್ಟು ನಮ್ಮ ಕಡಲ ಕರೆಗೂ ಬಂತು. ಟೈಫಾಯಿಡಿಗೆ ಕ್ಲೋರಾಂಫೆನಿಕಾಲ್ 1948ರಿಂದ ಜೀವದಾನ ಮಾಡಿದ ಮದ್ದು. ನಮ್ಮದೇ ಪಡುವಣ ತೀರದ ಕಲ್ಲಿಕೋಟೆಯಲ್ಲಿ ಅದಕ್ಕೆ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡುದನ್ನೂ, ಆ ಗುಣ ಬೇರೆ ಬ್ಯಾಕ್ಟೀರಿಯಕ್ಕೆ ದಾಟಬಲ್ಲುದು ಎಂಬುದನ್ನೂ ಪಣಿಕ್ಕರ್ ಮತ್ತು ವಿಮಲಾ 1972ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮೆಕ್ಸಿಕೊದಲ್ಲಿ ಇಂಥದೇ ಟೈಫಾಯಿಡ್ ಸಾವಿರಾರು ಜನರನ್ನು ಹಿಡಿಯಿತು.

ನಮ್ಮಲ್ಲಿ ಚಟ್ಲಿ ಎನ್ನುವ ಸಿಗಡಿಯೂ ಈ ಚರಿತ್ರೆಯಿಂದ ಹೊರಗಲ್ಲ. ಸಿಗಡಿ ಸಾಕಣೆ ಹಬ್ಬಿದ ಕಾಲದಲ್ಲಿ ಮರಿ ಮಾಡುವ ತೊಟ್ಟಿಗಳಿಗೂ ಮದ್ದು ಬಿತ್ತು. ಕತ್ತಲಲ್ಲಿ ಮಿನುಗುವ ವಿಬ್ರಿಯೊ ಹಾರ್ವೆಯೈ ಎಂಬ ಬ್ಯಾಕ್ಟೀರಿಯ ಮದ್ದಿಗೆ ಬಗ್ಗದೆ ಸಿಗಡಿ ಮರಿಗಳನ್ನು ರಾಶಿರಾಶಿಯಾಗಿ ಕೊಂದ ಸಂಗತಿಯನ್ನು ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ವರದಿ ಮಾಡಿದರು.

ಗಂಗೊಳ್ಳಿಯ ಅಳಿವೆಯಲ್ಲಿ ನಿಂತರೆ ನನಗೆ ಈ ಮಾತು ನೆನಪಾಗುತ್ತದೆ. ಐದು ಹೊಳೆಗಳು ಅಲ್ಲಿ ಪಂಚಗಂಗಾವಳಿಯಾಗಿ ಕಡಲಿಗಿಳಿಯುತ್ತವೆ. ಯಾವ ನೀರು ಸೌಪರ್ಣಿಕೆಯದು, ಯಾವುದು ವಾರಾಹಿಯದು ಎಂದು ಬಿಡಿಸಲಾಗದು. ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾವು ಹೊಳೆಗಳ ಮಕ್ಕಳು. ನೀರು ಏನೇನನ್ನು ಹೊತ್ತು ತರುತ್ತದೆ ಎಂಬುದು ನಮಗೆ ದೂರದ ಮಾತಲ್ಲ. ದಿಲ್ಲಿಯಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸಿದಾಗ, ಪ್ರಬಲವಾದ ಮದ್ದುಗಳನ್ನೂ ಸೋಲಿಸುವ ಎನ್‌ಡಿಎಂ-1 ಎಂಬ ಜೀನು 171 ಕಡೆಯ ನಿಂತ ನೀರಿನಲ್ಲಿ 51ರಲ್ಲಿಯೂ, 50 ನಲ್ಲಿಗಳಲ್ಲಿ ಎರಡರಲ್ಲಿಯೂ ಇದ್ದಿತೆಂದು 2011ರಲ್ಲಿ ಪ್ರಕಟವಾಯಿತು.

ಕಾನೂನು ಸುಮ್ಮನೆ ಕುಳಿತಿಲ್ಲ. ಕೆಲವು ಮುಖ್ಯ ಮದ್ದುಗಳ ಮಾರಾಟಕ್ಕೆ ಲೆಕ್ಕದ ಪುಸ್ತಕ ಇಡಬೇಕೆಂದು 2013ರಲ್ಲಿ ನಿಯಮವಾಯಿತು. ಕೊನೆಯ ಆಸರೆಯಾದ ಕೊಲಿಸ್ಟಿನ್ನನ್ನು ಕೋಳಿ, ಸಾಕುಮೀನು, ಜಾನುವಾರುಗಳಿಗೆ ಕೊಡಬಾರದೆಂದು 2019ರಲ್ಲಿ ಆಜ್ಞೆಯಾಯಿತು. ಆದರೆ ಗೋಡೆ ಕಪಾಟಿನ ಡಬ್ಬಿಗೆ ಯಾವ ಅಧಿಕಾರಿ ಬಂದಾನು? ನೆಗಡಿಗೆ, ವೈರಸ್ಸಿನ ಜ್ವರಕ್ಕೆ ಈ ಮದ್ದು ಏನೂ ಮಾಡದು. ಹೊಟ್ಟೆಯೊಳಗಿನ ಸಾಧು ಬ್ಯಾಕ್ಟೀರಿಯಗಳಲ್ಲಿ ಪ್ರತಿರೋಧವಿಲ್ಲದವನ್ನು ಕೊಂದು, ಇರುವವಕ್ಕೆ ಜಾಗ ಬಿಡಿಸಿಕೊಡುತ್ತದೆ, ಅಷ್ಟೆ. ಅಂದು ಸಾಧುವಿನ ಕೈಯಲ್ಲಿ ಉಳಿದ ಬಳೆ ನಾಳೆ ರೋಗಾಣುವಿನ ಕೈ ಸೇರೀತು. ಆ ರೋಗಾಣು ನಮ್ಮ ಮನೆಯಲ್ಲೇ ನಿಲ್ಲಬೇಕೆಂದೂ ಇಲ್ಲ. ಅಮ್ಮನ ವರದಿಯಲ್ಲಿದ್ದ ಅಕ್ಷರಗಳಲ್ಲಿ ನಮ್ಮ ಡಬ್ಬಿಯ ಪಾಲೆಷ್ಟು, ಕೇರಿಯ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಲಾರರು. ಅದಕ್ಕಾಗಿಯೇ ಅದು ಎಲ್ಲರ ಲೆಕ್ಕ.

ಡಬ್ಬಿಯನ್ನು ಖಾಲಿ ಮಾಡಿದ್ದೇನೆ. ಈಗ ಅದರಲ್ಲಿ ದೇವರ ದೀಪದ ಬತ್ತಿಗಳಿವೆ. ಇಷ್ಟನ್ನೂ ಕೇಳಿದ ಮೇಲೆ ಅಮ್ಮ ನಗುತ್ತ ಕೇಳಿದ್ದು ಒಂದೇ ಮಾತು: “ಹೆಪ್ಪಾರೂ ಕೊಡ್ಲಕ್ಕಾ?”

ಕೊಡಬಹುದು ಎಂದೆ.