ಜಾಲರಿಯಿಂದ ಹೊರಗೆ ಬಂದ ಕರಿ ವಯರು

ಹೋದ ಜನವರಿಯಲ್ಲಿ ನಮ್ಮ ಅಕ್ಕನ ಮಗ ಕೆನಡಾದ ಸಸ್ಕಾಚೆವನ್ ಸೀಮೆಯಿಂದ ಒಂದು ವಿಡಿಯೋ ಕಳಿಸಿದ್ದ. ಅಲ್ಲಿ ಗೋಧಿ ಬೆಳೆಯೋ ಒಂದು ದೊಡ್ಡ ಫಾರ್ಮಿನಲ್ಲಿ ಅವನಿಗೆ ಕೆಲಸ. ಹೊರಗೆ ಮೈನಸ್ 31 ಡಿಗ್ರಿ. ಅಡುಗೆಮನೆ ಕಿಟಕಿ ಹತ್ತಿರ ಕಾಫಿ ಲೋಟ ಹಿಡ್ಕೊಂಡು ನಿಂತು ಕೀಲಿಯ ಗುಂಡಿ ಒತ್ತುತ್ತಾನೆ. ಅಂಗಳದಲ್ಲಿ ಹಿಮ ಹೊದ್ದು ನಿಂತಿದ್ದ ಡೀಸೆಲ್ ಪಿಕಪ್ ಟ್ರಕ್ಕು ಒಂದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಗುರ್ ಅಂದು, ಬಿಳೀ ಹೊಗೆ ಬಿಟ್ಟು ಓಡೋಕೆ ಶುರು ಮಾಡುತ್ತೆ. ಒಳಗೆ ಯಾರೂ ಇಲ್ಲ. ಅದನ್ನ ನಮ್ಮ ಗುಂಪಿಗೆ ಹಾಕಿದಾಗ ನೀವೆಲ್ಲ "ನಮ್ಮ ಟ್ರ್ಯಾಕ್ಟರಿಗೂ ಇದೊಂದು ಬರ್ಲಿ" ಅಂತ ಬರೆದ್ರಿ.

ನಾನು ಎರಡನೇ ಸಲ ನೋಡಿದಾಗ ಕಣ್ಣಿಗೆ ಬಿದ್ದಿದ್ದು ಬೇರೆ. ಟ್ರಕ್ಕಿನ ಮುಂದಿನ ಜಾಲರಿಯಿಂದ ಒಂದು ಕರಿ ವಯರು ಹೊರಗೆ ಬಂದು ಗೋಡೆ ಪ್ಲಗ್ಗಿಗೆ ಹೋಗಿತ್ತು. "ಏನೋ ಅದು, ಬ್ಯಾಟರಿ ಚಾರ್ಜಿಂಗಾ?" ಅಂತ ಕೇಳಿದೆ. "ಅಲ್ಲ ಮಾವ, ಅದು ರಾತ್ರಿಯೆಲ್ಲ ಎಂಜಿನ್ ಕಾಯಿಸೋದು. ಅದಿಲ್ದಿದ್ರೆ ಈ ಗುಂಡಿ ಆಟದ ಸಾಮಾನು" ಅಂದ. ಆ ವಯರಿನ ಹಿಂದೆ ಬಿದ್ದು ಓದ್ತಾ ಹೋದೆ. ಓದಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ವಿಷಯ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಕೊಡೋಕೆ ಪ್ಲಗ್ ಇರುತ್ತೆ. ಡೀಸೆಲ್‌ಗೆ ಅದಿಲ್ಲ. ಗಾಳಿಯನ್ನ ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತೆ, ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗೇ ಹತ್ತಿಕೊಳ್ಳುತ್ತೆ. ಸೈಕಲ್ ಪಂಪು ಹೊಡೆಯುವಾಗ ಬುಡ ಬಿಸಿ ಆಗೋದು ಇದೇ. ಆದರೆ ಸುತ್ತಲಿನ ಕಬ್ಬಿಣ ತಣ್ಣಗೆ ಕೊರೀತಿದ್ರೆ ಹುಟ್ಟಿದ ಕಾವನ್ನೆಲ್ಲ ಅದೇ ನುಂಗಿಬಿಡುತ್ತೆ. ಚಳಿಗೆ ಎಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಎಂಜಿನ್ ನಿಧಾನ ತಿರುಗುತ್ತೆ, ನಿಧಾನ ತಿರುಗಿದ್ರೆ ಅದುಮಿದ ಗಾಳಿ ರಿಂಗ್ ಸಂದಿಯಲ್ಲಿ ಸೋರಿಹೋಗುತ್ತೆ. ಅತ್ತ ಬ್ಯಾಟರಿಗೆ ಅರ್ಧ ಶಕ್ತಿಯೂ ಉಳಿದಿರೋದಿಲ್ಲ. ನಮ್ಮ ಡಿಸೆಂಬರಿನ 12 ಡಿಗ್ರಿಗೇ ಹಳೇ ಟ್ರ್ಯಾಕ್ಟರ್ ಮುನಿಸಿಕೊಳ್ಳುತ್ತೆ ಅಂದ್ಮೇಲೆ ಮೈನಸ್ 31ಕ್ಕೆ ಕೇಳಬೇಕಾ?

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಸರಿಯಾಗಿ ಓಡಿಸಿ ತೋರಿಸಿದಾಗ ಅದು ಆಳೆತ್ತರ ಮೀರಿದ ಯಂತ್ರ. ಕಾರ್ಖಾನೆ ಮನೆಯೊಳಗೆ ನಿಂತಿರೋದು, ಶುರು ಮಾಡೋಕೆ ಒತ್ತಡದ ಗಾಳಿ ಬಿಡೋರು. ಚಳಿ ಅದಕ್ಕೆ ಅಂಥ ತೊಂದರೆ ಕೊಡಲಿಲ್ಲ. ಹೊಲದ ರೈತನ ಕೈಗೆ ಮೊದಲು ಬಂದಿದ್ದು ಅದರ ದಾಯಾದಿ, ಅಂದ್ರೆ ತಲೆ ಕಾಯಿಸಿ ಓಡಿಸೋ ಎಂಜಿನ್ನು. ಇಂಗ್ಲೆಂಡಿನ ಹರ್ಬರ್ಟ್ ಆಕ್ರಾಯ್ಡ್ ಸ್ಟುವರ್ಟ್ ಅನ್ನೋನು 1890ರಲ್ಲೇ ಪೇಟೆಂಟ್ ಮಾಡಿಸಿದ್ದ. 1921ರಲ್ಲಿ ಜರ್ಮನಿಯ ಮಾನ್‌ಹೈಮ್‌ನಿಂದ ಬಂದ ಲಾಂಝ್ ಬುಲ್‌ಡಾಗ್ ಟ್ರ್ಯಾಕ್ಟರು ಇದೇ ಜಾತಿ. ಬೆಳಿಗ್ಗೆ ಎದ್ದು ಅದರ ಮೂತಿ ಹತ್ತಿರ ಬ್ಲೋ ಲ್ಯಾಂಪ್ ಹತ್ತಿಸಿಟ್ಟು, ಒಳಗಿನ ಗುಂಡು ಕೆಂಪಗೆ ಕಾಯೋ ತನಕ ಕಾಯಬೇಕು. ಆಮೇಲೆ ಸ್ಟೇರಿಂಗ್ ಚಕ್ರವನ್ನೇ ಸರಳಿನ ಸಮೇತ ಕಿತ್ತು, ಪಕ್ಕದ ಫ್ಲೈವೀಲಿಗೆ ಸಿಗಿಸಿ, ಆ ಕಡೆ ಈ ಕಡೆ ತೂಗಿ ತಿರುಗಿಸಬೇಕು. ಹತ್ತಿಕೊಂಡ ಮೇಲೆ ಸ್ಟೇರಿಂಗ್ ವಾಪಸ್ ಹಾಕಿಕೊಂಡು ಹೊಲಕ್ಕೆ. ಸ್ಟೇರಿಂಗೇ ಹ್ಯಾಂಡಲ್ ಆದ ಗಾಡಿ! ಅದನ್ನ ಕದಿಯೋಕೆ ಬಂದೋನಿಗೂ ಅರ್ಧ ಗಂಟೆ ಬಿಡುವು ಬೇಕಾಗ್ತಿತ್ತು.

ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಮಾತು ಬರುತ್ತೆ. ನಮ್ಮಪ್ಪನ ಕಾಲದಲ್ಲಿ ಬಾವಿ ದಂಡೆ ಮೇಲೆ ದುಕ್ ದುಕ್ ಅಂತಿದ್ದ ಎರಡು ದೊಡ್ಡ ಚಕ್ರದ ಎಂಜಿನ್ ನೆನಪಿದೆಯಾ? ಲಿಸ್ಟರ್ ಅಂತಿದ್ವಿ. ಅದರ ಮೂಲ ಇಂಗ್ಲೆಂಡಿನ ಡರ್ಸ್‌ಲಿ ಊರಿನ ಆರ್.ಎ. ಲಿಸ್ಟರ್ ಕಂಪನಿ, 1930ರ ಆಸುಪಾಸು. ಮಾಡೆಲ್ ಹೆಸರು ಸಿ.ಎಸ್. ಅಂದ್ರೆ ಕೋಲ್ಡ್ ಸ್ಟಾರ್ಟ್. ಬ್ಲೋ ಲ್ಯಾಂಪ್ ಬೇಡ, ತಣ್ಣಗಿದ್ದಾಗಲೇ ಕೈಯಿಂದ ಹೊಡೆದು ಶುರು ಮಾಡಬಹುದು ಅನ್ನೋದೇ ಅದರ ಜಂಬ. ತಲೆಯ ಪಕ್ಕ ಒಂದು ಚಿಕ್ಕ ಕೈಚಕ್ರ ಇರ್ತಿತ್ತು. ಅದನ್ನ ಬಿಗಿ ಮಾಡಿದ್ರೆ ಒಳಗಿನ ಒಂದು ಸಣ್ಣ ಗೂಡು ಮುಚ್ಚಿಕೊಂಡು ಗಾಳಿ ಇನ್ನೂ ಜಾಸ್ತಿ ಅದುಮುತ್ತೆ, ಕಾವು ಏರುತ್ತೆ. ಎಂಜಿನ್ ಬಿಸಿಯಾದ ಮೇಲೆ ಸಡಿಲ ಬಿಡಬೇಕು. ಆಮೇಲೆ ರಾಜ್‌ಕೋಟ್‌ನೋರು ಅದೇ ಅಚ್ಚಿನಲ್ಲಿ ಎಷ್ಟೋ ಎಂಜಿನ್ ಮಾಡಿ ದೇಶದ ತುಂಬ ಮಾರಿದ್ರು. ಇಂಗ್ಲೆಂಡಿನ ಚಳಿಗೆ ಮಾಡಿದ ಉಪಾಯ ನಮ್ಮ ಬಾವಿಗೆ ಬಂದು ಕೂತಿತ್ತು. ನಾವು ಆ ಚಕ್ರ ಯಾಕಿದೆ ಅಂತ ಕೇಳಲೇ ಇಲ್ಲ.

ಲಾರಿಗೆ ಬರೋಣ. 1923-24ರಲ್ಲಿ ಬೆಂಝ್, ಡೈಮ್ಲರ್, ಎಂ.ಎ.ಎನ್. ಈ ಮೂರೂ ಜರ್ಮನ್ ಕಂಪನಿಗಳು ಹೆಚ್ಚುಕಮ್ಮಿ ಒಟ್ಟಿಗೇ ಡೀಸೆಲ್ ಲಾರಿ ತಂದ್ವು. ಬೆಂಝ್‌ನ ಎಂಜಿನ್ನಿನಲ್ಲಿ ಬೆಂಕಿ ಮೊದಲು ಹತ್ತೋದು ಪಕ್ಕದ ಒಂದು ಪುಟ್ಟ ಕೋಣೆಯಲ್ಲಿ. ಆ ಕೋಣೆ ಗೋಡೆ ತಣ್ಣಗಿದ್ರೆ ಕೆಲಸ ಕೆಟ್ಟಂಗೆ. ಅದಕ್ಕೇ ಅಲ್ಲೊಂದು ತಂತಿ ಇಟ್ಟು ಬ್ಯಾಟರಿಯಿಂದ ಕೆಂಪಗೆ ಕಾಯಿಸೋದು ಬಂತು. ನಮ್ಮ ಮೆಕ್ಯಾನಿಕ್ಕುಗಳು ಈಗ್ಲೂ ಹೀಟರ್ ಪ್ಲಗ್ ಅಂತಾರಲ್ಲ, ಅದೇ. ಅಮೆರಿಕಾದ ಕ್ಯಾಟರ್‌ಪಿಲ್ಲರ್‌ನೋರದು ಬೇರೆ ದಾರಿ. 1931ರಿಂದ ಬಂದ ಅವರ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಎಂಜಿನ್ ತಿರುಗಿಸೋಕೆ ಅಂತಲೇ ಪಕ್ಕದಲ್ಲಿ ಒಂದು ಮರಿ ಪೆಟ್ರೋಲ್ ಎಂಜಿನ್. ಮರಿಯನ್ನ ಮೊದಲು ಓಡಿಸಿ, ಅದರ ಬಿಸಿನೀರು ಬಿಸಿಹೊಗೆಯಲ್ಲೇ ತಾಯಿಯನ್ನ ಕಾಯಿಸಿ, ಆಮೇಲೆ ತಾಯಿಯನ್ನ ತಿರುಗಿಸೋದು. ನಂಗೆ ಈ ಎಲ್ಲ ಉಪಾಯಗಳಲ್ಲಿ ತುಂಬ ಹಿಡಿಸಿದ್ದು ಇದು.

ಯಾವ ಉಪಾಯವೂ ಇಲ್ಲದೋರು ಏನು ಮಾಡ್ತಿದ್ರು? ಸಂಜೆ ರೇಡಿಯೇಟರ್ ನೀರು, ಎಂಜಿನ್ ಆಯಿಲ್ ಎರಡೂ ಇಳಿಸಿ, ಆಯಿಲ್ ಡಬ್ಬವನ್ನ ಮನೆಯೊಳಗೆ ಒಲೆ ಪಕ್ಕ ಇಟ್ಟುಕೊಂಡು, ಬೆಳಿಗ್ಗೆ ಬಿಸಿಬಿಸಿ ಸುರೀತಿದ್ರು. 1941ರ ಚಳಿಗಾಲದಲ್ಲಿ ರಷ್ಯಾ ಒಳಗೆ ನುಗ್ಗಿದ್ದ ಜರ್ಮನ್ ಸೈನ್ಯ ಲಾರಿಗಳ ಹೊಟ್ಟೆ ಕೆಳಗೆ ಬೆಂಕಿ ಹಾಕ್ಕೊಂಡು ಕೂತಿತ್ತು. ಎದುರಿಗಿದ್ದ ರಷ್ಯಾದ ಟಿ-34 ಟ್ಯಾಂಕಿನ ಡೀಸೆಲ್ ಎಂಜಿನ್ನಿಗೆ ಬ್ಯಾಟರಿ ಸತ್ರೂ ಶುರು ಮಾಡೋಕೆ ಎರಡು ಗಾಳಿ ಸಿಲಿಂಡರ್ ಇದ್ವು. ರುಡಾಲ್ಫ್ ಡೀಸೆಲ್ಲನ ಹಳೇ ಒತ್ತಡದ ಗಾಳಿಯೇ ಅಲ್ಲಿ ಮತ್ತೆ ಕೆಲಸಕ್ಕೆ ಬಂದಿತ್ತು.

ಈಗ ಆ ಕರಿ ವಯರು. ಅದರ ಊರು ಕೆನಡಾದ ಗಡಿಗೆ ಅಂಟಿಕೊಂಡಿರೋ ಅಮೆರಿಕಾದ ನಾರ್ತ್ ಡಕೋಟಾ ರಾಜ್ಯದ ಗ್ರಾಂಡ್ ಫೋರ್ಕ್ಸ್. ಅಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಮ್ಯಾನೇಜರ್ ಆಂಡ್ರ್ಯೂ ಫ್ರೀಮನ್. ಬೆಳಿಗ್ಗೆ ಕಾರು ಶುರುವಾಗದೆ ರೋಸಿಹೋಗಿ, ಗುಜರಿ ತಾಮ್ರದ ಕೊಳವೆಗೆ ಹಳೇ ಇಸ್ತ್ರಿಪೆಟ್ಟಿಗೆಯ ಕಾಯಿಲ್ ಸೇರಿಸಿ ಒಂದು ಹೀಟರ್ ಮಾಡಿಕೊಂಡ. ಅದನ್ನ ಸುಧಾರಿಸಿ, ಎಂಜಿನ್ ಹೆಡ್ಡಿನ ಒಂದು ಬೋಲ್ಟ್ ತೆಗೆದು ಆ ಜಾಗದಲ್ಲಿ ಕಾಯಿಲ್ ಇರೋ ಟೊಳ್ಳು ಬೋಲ್ಟ್ ಹಾಕೋ ಹಾಗೆ ಮಾಡಿ 1949ರಲ್ಲಿ ಪೇಟೆಂಟ್ ಪಡೆದ. ಇದು ಕರೆಂಟ್ ಆಫೀಸಿನೋನಿಗೇ ಹೊಳೆದಿದ್ದು ಸುಮ್ಮನೆ ಅಲ್ಲ. 1930ರ ದಶಕದ ನಡುವಿನಲ್ಲಿ ಅಮೆರಿಕಾದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಖಾಸಗಿ ಕಂಪನಿಗಳು ಹಳ್ಳಿಗೆ ಕಂಬ ಹಾಕೋದು ಲಾಭ ಇಲ್ಲ ಅಂತ ಕೂತಿದ್ವು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ಸಾಲ ಕೊಡೋಕೆ ಶುರು ಮಾಡಿದ ಮೇಲೆ ರೈತರೇ ಸಂಘ ಕಟ್ಟಿಕೊಂಡು ಲೈನ್ ಎಳೆಸಿಕೊಂಡ್ರು. ಆ ಲೈನು ಅಂಗಳಕ್ಕೆ ಬರದೇ ಇದ್ದಿದ್ರೆ ಈ ವಯರನ್ನ ಎಲ್ಲಿಗೆ ಸಿಗಿಸ್ತಿದ್ರು? ಈಗಿನ ಡೀಸೆಲ್ ಪಿಕಪ್ಪುಗಳಲ್ಲಿ ಬೋಲ್ಟ್ ಬದಲು ಬ್ಲಾಕಿನೊಳಗಿನ ನೀರನ್ನೇ ಕಾಯಿಸೋ ಹೀಟರ್ ಇರುತ್ತೆ, 750ರಿಂದ 1000 ವ್ಯಾಟ್. ನಮ್ಮ ಒಂದು ಎಚ್.ಪಿ. ಮೋಟರ್ ತಿನ್ನೋವಷ್ಟು ಕರೆಂಟು.

ಡೀಸೆಲ್ಲೇ ಕೈಕೊಡೋದು ಇನ್ನೊಂದು ಕಾಟ. ಅದರೊಳಗಿನ ಮೇಣ ಚಳಿಗೆ ಹೆಪ್ಪುಗಟ್ಟಿ ಫಿಲ್ಟರ್ ಕಟ್ಟಿಕೊಳ್ಳುತ್ತೆ. ಗಾಡಿ ಶುರುವಾಗಿ ಐದು ನಿಮಿಷಕ್ಕೆ ಉಸಿರು ಕಟ್ಟಿ ನಿಲ್ಲೋದು ಇದಕ್ಕೇ. ನಮ್ಮ ದೇಶದಲ್ಲೂ ಲಡಾಖ್ ಕಡೆ ಲಾರಿ ಡ್ರೈವರುಗಳು ಟ್ಯಾಂಕಿನ ಕೆಳಗೆ ಬೆಂಕಿ ಹಾಕ್ತಿದ್ದದ್ದು ಹೀಗೇ. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಮೈನಸ್ 33 ಡಿಗ್ರಿವರೆಗೂ ಹರಿಯೋ ಚಳಿಗಾಲದ ಡೀಸೆಲ್ ಅಲ್ಲಿಗೆ ಬಿಟ್ಟಿತು.

ಇಷ್ಟೆಲ್ಲ ಆದ ಮೇಲೆ ಬಂದಿದ್ದು ದೂರದ ಗುಂಡಿ. ಹೊರಗಿನ ಅಂಗಡಿಯೋರು ಮೊದಲಿಂದ್ಲೂ ಹಾಕಿಕೊಡ್ತಿದ್ರು, ಜನರಲ್ ಮೋಟರ್ಸ್ 2004ರ ಶೆವರ್ಲೆ ಮಾಲಿಬು ಕಾರಿನಲ್ಲಿ ಕಾರ್ಖಾನೆಯಿಂದಲೇ ಕೊಟ್ಟಿತು. ಅದು ಪೆಟ್ರೋಲ್ ಕಾರು, ಸುಲಭ. ಡೀಸೆಲ್‌ಗೆ ಸೆಲ್ಫ್ ಹೊಡೆಯೋಕೆ ಮುಂಚೆ ಹೀಟರ್ ಪ್ಲಗ್ ಕಾಯೋವರೆಗೂ ತಡೀಬೇಕು. ಡ್ರೈವರ್ ಡ್ಯಾಶ್‌ಬೋರ್ಡಿನ ದೀಪ ಆರೋದನ್ನ ನೋಡ್ತಾ ಕೂರ್ತಿದ್ದ, ಈಗ ಆ ತಾಳ್ಮೆಯನ್ನ ಯಂತ್ರಕ್ಕೆ ಕಲಿಸಿದ್ರು. ವಿಡಿಯೋದಲ್ಲಿ ಟ್ರಕ್ಕು ಮೊದಲು ಸುಮ್ಮನಿದ್ದದ್ದು ಅದಕ್ಕೇ. ನನ್ನ ಲೆಕ್ಕದಲ್ಲಿ ಗುಂಡಿ ಹೊಸ ಕಾವನ್ನೇನೂ ತಂದಿಲ್ಲ. ಬ್ಲೋ ಲ್ಯಾಂಪ್ ಹಿಡಿದು ಮೂತಿ ಮುಂದೆ ಕೂತಿದ್ದ ಮನುಷ್ಯನನ್ನ ಅಲ್ಲಿಂದ ಎಬ್ಬಿಸಿ ಅಡುಗೆಮನೆಗೆ ಕಳಿಸಿದೆ, ಅಷ್ಟೇ.

ಆದರೆ ಮನುಷ್ಯ ಅಲ್ಲಿಂದ ಎದ್ದುಹೋದ್ರೆ ಎಂಜಿನ್ ಹತ್ತಿರ ಯಾರಿದ್ದಾರೆ ಅಂತ ನೋಡೋರು ಯಾರು? ಇದನ್ನ ಆ ಕಡೆಯೋರು ಚೆನ್ನಾಗಿ ಯೋಚನೆ ಮಾಡಿದ್ದಾರೆ. ಬಾನೆಟ್ ತೆಗೆದಿದ್ರೆ ಗುಂಡಿ ಕೆಲಸ ಮಾಡಲ್ಲ, ಅದಕ್ಕೇ ಅಲ್ಲೊಂದು ಸ್ವಿಚ್ ಇದೆ. ಗೇರು ಪಾರ್ಕಿನಲ್ಲಿ ಇಲ್ಲದಿದ್ರೂ ಇಲ್ಲ. ಕೈಯಲ್ಲಿ ಗೇರ್ ಹಾಕೋ ಗಾಡಿಗೆ ಕಂಪನಿಯೋರು ಸಾಮಾನ್ಯವಾಗಿ ಇದನ್ನ ಕೊಡೋದೇ ಇಲ್ಲ, ಗೇರಲ್ಲಿ ಬಿಟ್ಟಿದ್ದ ಗಾಡಿ ಸೆಲ್ಫ್ ಹೊಡೆದ ತಕ್ಷಣ ಮುಂದಕ್ಕೆ ನೆಗೆಯುತ್ತೆ. ಹೊರಗಿನ ಕಿಟ್ ತಂದು ಟ್ರ್ಯಾಕ್ಟರಿಗೆ ಹಾಕಿಸ್ತೀನಿ ಅಂದೋರು ಇದನ್ನ ಎರಡು ಸಲ ಓದಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನಮ್ಮ ಬಾವಿ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ ವರ್ಷ, ನಾನು ಸಂತೆಯಲ್ಲಿದ್ದೆ. ತ್ರೀ ಫೇಸ್ ಬಂದಿದೆ ಅಂತ ಫೋನಿಗೆ ಮೆಸೇಜ್ ಬಂತು, ಖುಷಿಯಲ್ಲಿ ಆನ್ ಮಾಡಿದೆ. ಕರೆಂಟ್ ಇಲ್ಲ ಅಂತ ನಮ್ಮ ತಮ್ಮ ಪಂಪಿನ ಗ್ಲ್ಯಾಂಡಿಗೆ ದಾರ ಸುತ್ತುತಾ ಕೂತಿದ್ದ. ಎಡಗೈ ತೋರುಬೆರಳಿನ ತುದಿ ಹೋಯ್ತು. ಅವನು ಇವತ್ತಿನವರೆಗೂ ಒಂದು ಮಾತು ಅಂದಿಲ್ಲ, ಅದೇ ಕಷ್ಟ. ಬಾನೆಟ್ ಸ್ವಿಚ್ಚಿನಂಥದ್ದು ನಮ್ಮ ಸ್ಟಾರ್ಟರಿನಲ್ಲಿ ಇರಲಿಲ್ಲ, ಇಲ್ಲ ಅಂತ ನಾನು ಕೇಳಲೂ ಇಲ್ಲ.

ಈಗ ಪಂಪಿಗೆ ಕೈ ಹಾಕೋನು ಮೊದಲು ಮೂರೂ ಫ್ಯೂಸ್ ಕಿತ್ತು ತನ್ನ ಜೇಬಿಗೆ ಹಾಕಿಕೊಳ್ಳಬೇಕು. ಹೋದ ವಾರ ತಮ್ಮ ಫ್ಯೂಸ್ ಜೇಬಲ್ಲೇ ಇಟ್ಟುಕೊಂಡು ನೆಂಟರ ಊರಿಗೆ ಹೋಗಿಬಿಟ್ಟಿದ್ದ. ತೋಟಕ್ಕೆ ನೀರು ಒಂದು ದಿನ ತಡ ಆಯ್ತು.